ಹಿಮದ ಮೇಲಣ ಪಾಠಶಾಲೆ

ಬೊಮ್ಮನಹಳ್ಳಿಯಲ್ಲಿ ಕುಳಿತು ಹಿಮದ ಮೇಲೆ ಜಾರುವ ವಿದ್ಯೆಯನ್ನು ವಿಚಾರಿಸುವುದು ಬಯಲುಸೀಮೆಯಲ್ಲಿ ದೋಣಿಯ ಬೆಲೆ ಕೇಳಿದಂತೆ ಎಂದು ವಾಚಕರು ನಗಬಹುದು. ನಗಲಿ. ನಮಗಿಲ್ಲಿ ಗೊತ್ತಿರುವ ಇಳಿಜಾರೆಂದರೆ ಹೊಸೂರು ರಸ್ತೆಯ ಮೇಲ್ಸೇತುವೆಯದು; ಗೊತ್ತಿರುವ ಹಿಮವೆಂದರೆ ಬೇಸಗೆಯ ಮಳೆಯೊಡನೆ ಎಂದಾದರೊಮ್ಮೆ ಉದುರುವ ಆಲಿಕಲ್ಲು. ಆದರೂ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವ ನಮ್ಮ ಕಡೆಯ ತಂದೆತಾಯಿಗಳು ಈಗೀಗ ರಜೆಯ ಮಾತು ಬಂದರೆ ಊಟಿ ಮಡಿಕೇರಿಗಳನ್ನು ದಾಟಿ ಗುಲ್ಮಾರ್ಗ್, ಸೋಲಂಗ್, ಔಲಿ ಎಂಬ ಹೆಸರುಗಳನ್ನು ಎತ್ತುತ್ತಾರೆ. ಹೋಗಿ ನೋಡಿ ಬರುವುದಷ್ಟೇ ಆದರೆ ಯೋಚನೆಯಿಲ್ಲ. ಮಕ್ಕಳಿಗೆ ಸ್ಕೀ ಕಲಿಸಬೇಕೆಂಬ ಆಸೆ ಹುಟ್ಟಿದೊಡನೆ ಅದು ಬರಿಯ ಪ್ರವಾಸವಾಗಿ ಉಳಿಯುವುದಿಲ್ಲ. ಮಗುವನ್ನು ಯಾರ ಕೈಗೆ ಒಪ್ಪಿಸುವುದೆಂಬ ಪ್ರಶ್ನೆಯಾಗುತ್ತದೆ.

ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಬ್ಬರು. ಹುಡುಗಿಗೆ ಒಂಬತ್ತು ವರ್ಷ. ಹುಡುಗನಿಗೆ ಐದು ತುಂಬಿ ಆರು ನಡೆಯುತ್ತಿದೆ. ಮಗನಿಗೂ ಸೊಸೆಗೂ ಬಿಡುವಿಲ್ಲ; ನಿವೃತ್ತನಾದ ನನಗೆ ಬಿಡುವಲ್ಲದೆ ಬೇರೇನೂ ಇಲ್ಲ. ಆದುದರಿಂದ ಶಾಲೆಯನ್ನು ವಿಚಾರಿಸುವ ಭಾರ ನನ್ನ ಪಾಲಿಗೆ ಬಂದಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಹೊಸದೇನಲ್ಲ. ಆಂಗ್ಲ ಅಧಿಕಾರಿಗಳು ಗುಲ್ಮಾರ್ಗಿನಲ್ಲಿ ಸ್ಕೀ ಕ್ಲಬ್ಬೊಂದನ್ನು ಸ್ಥಾಪಿಸಿದ್ದು 1927ರಲ್ಲಿ. ಮನಾಲಿಯ ಪರ್ವತಾರೋಹಣ ಸಂಸ್ಥೆ 1961ರಲ್ಲಿ ಹುಟ್ಟಿತು. ಅದರ ಸ್ಕೀ ತರಗತಿಗಳು ಸೋಲಂಗ್ ಕಣಿವೆಯಲ್ಲಿ ನಡೆಯುತ್ತವೆ. ಗುಲ್ಮಾರ್ಗಿನಲ್ಲಿ ಕೇಂದ್ರ ಸರ್ಕಾರದ ಸ್ಕೀ ಶಿಕ್ಷಣ ಸಂಸ್ಥೆಯೂ ಇದೆ. ಔಲಿಯಲ್ಲಿ ಗಢವಾಲ ಮಂಡಲ ವಿಕಾಸ ನಿಗಮದವರು ಏಳು ದಿನಗಳ ಮತ್ತು ಹದಿನಾಲ್ಕು ದಿನಗಳ ಪಾಠಕ್ರಮಗಳನ್ನು ನಡೆಸುತ್ತ ಬಂದಿದ್ದಾರೆ. ಆದರೆ ಜೋಶಿಮಠದ ನೆಲ ಕುಸಿಯತೊಡಗಿ, ಅಲ್ಲಿಂದ ಔಲಿಗೆ ಹೋಗುತ್ತಿದ್ದ ಹಗ್ಗದ ಹಾದಿಯನ್ನು 2023ರ ಜನವರಿಯಲ್ಲಿ ನಿಲ್ಲಿಸಬೇಕಾಯಿತು. ಇವೆಲ್ಲ ಘನತೆಯುಳ್ಳ ಸಂಸ್ಥೆಗಳೇ. ಆದರೆ ಇವುಗಳ ಕ್ರಮ ಮುಖ್ಯವಾಗಿ ತರುಣರಿಗೆ ತಕ್ಕುದು: ಬೆಳಗಾಗುವ ಮುನ್ನ ಏಳು, ವ್ಯಾಯಾಮ ಮಾಡು, ಹಲಗೆಯನ್ನು ಹೆಗಲ ಮೇಲೆ ಹೊತ್ತು ನಡೆ, ದಿನವೆಲ್ಲ ಅಭ್ಯಾಸ ಮಾಡು. ಐದು ವರ್ಷದ ಮಗು ಇಂಥ ಶಿಬಿರದಲ್ಲಿ ಕಲಿಯುವುದೇನು? ಅಮ್ಮನನ್ನು ನೆನೆದು ಅಳುವುದನ್ನು. ಅಷ್ಟು ಚಿಕ್ಕ ಮಗುವಿಗೆ ಬೇಕಾದದ್ದು ಒಂದು ಗಂಟೆಯ ಪಾಠ, ಸಮತಟ್ಟಾದ ನೆಲ, ಕೂಗಳತೆಯಲ್ಲಿ ತಾಯಿ.

ಯೂರೋಪಿನವರಿಗೆ ಈ ಸೂಕ್ಷ್ಮ ಬೇಗ ಹೊಳೆಯಿತು. ಆಸ್ಟ್ರಿಯದ ಹಾನ್ನೆಸ್ ಷ್ನೈಡರ್ ಎಂಬಾತ 1920ರ ದಶಕದಲ್ಲಿ ಸೇಂಟ್ ಆಂಟನ್ ಎಂಬ ಊರಿನಲ್ಲಿ ನಡೆಸಿದ ಶಾಲೆ ಜಗತ್ಪ್ರಸಿದ್ಧವಾದದ್ದು ಬೆಟ್ಟದ ಎತ್ತರದಿಂದಲ್ಲ. ಕಲಿಯುವವರನ್ನು ಅವರವರ ಶಕ್ತಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದನ್ನು ಹತ್ತಿಸಿದ್ದರಿಂದ. ಆ ಕ್ರಮದ ಮೊದಲ ಮೆಟ್ಟಿಲು ನಮ್ಮ ಒಕ್ಕಲಿಗನಿಗೂ ಅರ್ಥವಾಗುವಂಥದು. ಎರಡು ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ, ಒಳಗಿನ ಅಂಚುಗಳಿಂದ ಹಿಮವನ್ನು ಒತ್ತಿದರೆ ವೇಗ ತಗ್ಗುತ್ತದೆ. ಆಕಾರ ನೇಗಿಲಿನದು, ಹೆಸರೂ ಹಿಮನೇಗಿಲೆಂಬ ಅರ್ಥದ್ದೇ. ಮೊದಲು ನಿಲ್ಲುವುದನ್ನು ಕಲಿಸಿ ಆಮೇಲೆ ಓಡುವುದನ್ನು ಕಲಿಸುವ ವಿದ್ಯೆ ಇದು. ಎಳೆಯರ ಕೈಗೆ ಕೋಲುಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕೊಟ್ಟರೆ ಗಮನವೆಲ್ಲ ಕೋಲಿನ ಮೇಲೆಯೇ, ಕಾಲಿನ ಮೇಲಲ್ಲ.

ಇಷ್ಟು ತಿಳಿದ ಮೇಲೆ ನಾನು ದೂರವಾಣಿಯಲ್ಲಿ ಕೇಳತೊಡಗಿದೆ. ಬೋಧಕರಿಗೆ ಶಿಕ್ಷಣ ಪಡೆದ ಪತ್ರವಿದೆಯೇ? ಪ್ರಥಮ ಚಿಕಿತ್ಸೆ ಬಲ್ಲರೇ? ಒಬ್ಬನಿಗೆ ಎಷ್ಟು ಮಕ್ಕಳು? ಮಕ್ಕಳ ಅಳತೆಯ ಬೂಟು ಉಂಟೇ? ಹಲಗೆ ಮಗುವಿನ ಎದೆಗೂ ಗಲ್ಲಕ್ಕೂ ನಡುವಣ ಎತ್ತರದ್ದೋ, ಅಥವಾ ಅಪ್ಪನದನ್ನೇ ಮಗನಿಗೂ ಕಟ್ಟುವಿರೋ? ಬಿದ್ದಾಗ ಬೂಟಿನಿಂದ ಹಲಗೆ ತಾನಾಗಿ ಬಿಚ್ಚಿಕೊಳ್ಳುವಂತೆ ಕೊಂಡಿಯನ್ನು ಮಗುವಿನ ತೂಕಕ್ಕೆ ಸರಿಯಾಗಿ ತಿರುಗಿಸುವವರು ಯಾರು? ಹೆಲ್ಮೆಟ್ಟಿನ ವಿಷಯದಲ್ಲಂತೂ ನಾನು ಚೌಕಾಸಿ ಮಾಡಲಿಲ್ಲ. ಇಟಲಿಯಲ್ಲಿ 2005ರಿಂದಲೇ 14 ವರ್ಷದೊಳಗಿನ ಮಕ್ಕಳಿಗೆ ಅದು ಕಾನೂನಿನಿಂದ ಕಡ್ಡಾಯ. ಸ್ಕೂಟರಿನ ಮುಂದೆ ಮಗುವನ್ನು ಬರಿದಲೆಯಲ್ಲಿ ನಿಲ್ಲಿಸಿಕೊಂಡು ಬೇಗೂರು ರಸ್ತೆಯಲ್ಲಿ ಹೋಗುವವರಿಗೆ ಈ ಮಾತು ಅತಿಯಾಗಿ ತೋರಬಹುದು.

ಈ ಪ್ರಶ್ನೆಗಳಿಗೆಲ್ಲ ಬಾಯಿಪಾಠದ ಉತ್ತರ ದೊರೆಯುತ್ತದೆ. ಬಾಯಿಪಾಠದಿಂದ ಉತ್ತರಿಸಲಾಗದ ಪ್ರಶ್ನೆಯೊಂದು ಬೇಕಾಗಿತ್ತು. ಅದು ನನಗೆ ಹೊಳೆದದ್ದಕ್ಕೆ ಕಾರಣವುಂಟು.

ಎರಡು ವರ್ಷಗಳ ಕೆಳಗೆ ನಮ್ಮ ಹುಡುಗನನ್ನು ಈಜು ಕಲಿಯಲು ಒಂದು ಕೊಳಕ್ಕೆ ಸೇರಿಸಿದ್ದರು. ಅಲ್ಲಿನ ಶಿಕ್ಷಕ, ನೀರಿಗೆ ದೂಡಿದರೆ ಈಜು ತಾನೇ ಬರುತ್ತದೆ ಎಂಬ ಸಿದ್ಧಾಂತದವನು. ದೂಡಿದ. ಮರುಕ್ಷಣವೇ ಎತ್ತಿದನೆಂಬುದು ನಿಜ. ಆದರೆ ಅಂದಿನಿಂದ ಹುಡುಗ ನೀರೆಂದರೆ ದೂರ; ತಲೆಗೆ ನೀರು ಹೊಯ್ಯಬೇಕಾದರೆ ಇಂದಿಗೂ ಇಬ್ಬರು ಹಿಡಿಯಬೇಕು. ಹಿಂದೆ ಹಳ್ಳಿಗಳಲ್ಲಿ ಕೂಡ ಬಾವಿಯಲ್ಲಿಯೇ ಈಜು ಕಲಿಸುತ್ತಿದ್ದರು. ಆದರೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿರುತ್ತಿತ್ತು; ಸೊಂಟದ ಹಗ್ಗದ ಮತ್ತೊಂದು ತುದಿ ಸೋದರಮಾವನ ಕೈಯಲ್ಲಿರುತ್ತಿತ್ತು. ಹಗ್ಗ ಎಂದು ಸಡಿಲವಾಯಿತೆಂಬುದು ಕಲಿಯುವವನಿಗೆ ತಿಳಿಯುತ್ತಲೇ ಇರಲಿಲ್ಲ. ಪೆಟ್ಟು ಮಾಯುತ್ತದೆ, ಮಕ್ಕಳ ಎಲುಬು ಬೇಗ ಕೂಡುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಎಳೆಯ ಮನಸ್ಸಿನಲ್ಲಿ ಹೊಕ್ಕ ಹೆದರಿಕೆಗೆ ಪಟ್ಟಿ ಕಟ್ಟುವುದು ಎಲ್ಲಿಗೆ?

ಆದುದರಿಂದ ನಾನು ಎಲ್ಲರನ್ನೂ ಕೇಳಿದ ಕೊನೆಯ ಪ್ರಶ್ನೆ ಒಂದೇ: “ಮಗು ಅತ್ತು, ಒಲ್ಲೆನೆಂದರೆ ಏನು ಮಾಡುವಿರಿ?”

ಒಬ್ಬರು, “ಅಳುವ ಮಕ್ಕಳನ್ನು ಹಾಗೆಯೇ ಎಳೆದುಕೊಂಡು ಹೋಗುತ್ತೇವೆ, ಗಂಟೆಯೊಳಗೆ ಸರಿಹೋಗುತ್ತಾರೆ” ಎಂದರು. ಇನ್ನೊಬ್ಬರು, “ನಮ್ಮಲ್ಲಿ ಯಾವ ಮಗುವೂ ಅಳುವುದಿಲ್ಲ” ಎಂದರು. ಈ ಮಾತನ್ನು ನಾನು ಮೊದಲಿನದಕ್ಕಿಂತ ಕಡೆ ಎಂದೆಣಿಸಿದೆ. ಗುಲ್ಮಾರ್ಗಿನ ವಯಸ್ಸಾದ ಬೋಧಕರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಲಗೆ ಬಿಚ್ಚಿಬಿಡುತ್ತೇನೆ. ಹಿಮದಲ್ಲಿ ಆಡಿಕೊಂಡಿರಲಿ. ತಾನಾಗಿ ಬಂದು ಕೇಳಿದರೆ ಮತ್ತೆ ಕಟ್ಟುತ್ತೇನೆ; ಕೇಳದಿದ್ದರೆ ಆ ದಿನಕ್ಕೆ ಅಷ್ಟೇ” ಎಂದರು. ಹಣದ ವಿಷಯವನ್ನು ಅವರು ಎತ್ತಲೇ ಇಲ್ಲ, ನಾನೇ ಕೇಳಬೇಕಾಯಿತು. ಒಬ್ಬರ ದರ ಉಳಿದವರದಕ್ಕಿಂತ ಹೆಚ್ಚೇ ಆಗಿತ್ತು. ಸೊಸೆ, “ಹೋಟೆಲಿನ ಒಂದು ರಾತ್ರಿ ಕಡಮೆ ಮಾಡಿ ಅವರಿಗೇ ಕೊಡೋಣ, ಮಾವ” ಎಂದಳು.

ಹೀಗೆ ಬೋಧಕನನ್ನು ಕಂಡುಕೊಂಡ ಮೇಲೆ ಬೆಟ್ಟ ನಿಶ್ಚಯವಾಯಿತೇ ಹೊರತು, ಬೆಟ್ಟವನ್ನು ಹಿಡಿದು ಬೋಧಕನನ್ನು ಹುಡುಕಲಿಲ್ಲ. ಆದರೆ ಮನೆಯಾಕೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ಹತರಾದರು. ಅವರಲ್ಲಿ ನಮ್ಮ ನಾಡಿನಿಂದ ವಿಹಾರಕ್ಕೆಂದು ಹೋದವರೂ ಇದ್ದರು. ಆಕೆಯ ಭಯವನ್ನು ಹೆಂಗಸರ ಪುಕ್ಕಲುತನವೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಇದನ್ನು ಪ್ರತಿಯೊಂದು ಕುಟುಂಬವೂ ತಾನೇ ತೂಗಿ ನೋಡಬೇಕು. ಹೊರಡುವ ವಾರದವರೆಗೂ ಸುದ್ದಿಯನ್ನು ಗಮನಿಸುವುದು, ಸಂಶಯ ಬಂದರೆ ಸೋಲಂಗಿಗೆ ಹೋಗುವುದು ಎಂಬ ಒಪ್ಪಂದದ ಮೇಲೆ ಆಕೆ ಮಾತಾಡಿದಳು.

ಎತ್ತರದ ವಿಚಾರವನ್ನೂ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು. ಗುಲ್ಮಾರ್ಗ್ ಸುಮಾರು 2,650. ವಿಮಾನವಿಳಿದು ಅಂದೇ ಮೇಲೇರದೆ, ಸುಮಾರು 1,600 ಮೀಟರು ಎತ್ತರದ ಶ್ರೀನಗರದಲ್ಲಿ ಒಂದು ರಾತ್ರಿ ತಂಗುವುದು ಮೇಲು. ದೊಡ್ಡವರು ತಲೆನೋವೆಂದು ಹೇಳಿಕೊಳ್ಳುತ್ತಾರೆ. ಮಗು ಊಟ ಬಿಟ್ಟು ಹಟ ಮಾಡುತ್ತದೆ, ನಾವು ಅದನ್ನು ಗದರಿಸುತ್ತೇವೆ. ಅಲ್ಲಿನ ತೂಗುಬಂಡಿಯ ಎರಡನೆಯ ಹಂತ 3,900 ಮೀಟರಿಗೂ ಮೇಲೆ ಒಯ್ಯುತ್ತದೆ. ಹುಡುಗನಿಗೆ ಅದು ಬೇಡವೆಂದು ನಿಶ್ಚಯಿಸಿದೆವು. ಬಿಸಿಲಿನದು ಇನ್ನೊಂದು ಮೋಸ. ಪ್ರತಿ 1,000 ಮೀಟರು ಮೇಲೇರಿದಂತೆ ನೇರಳಾತೀತ ಕಿರಣಗಳ ತೀಕ್ಷ್ಣತೆ ನೂರಕ್ಕೆ 10ರಷ್ಟು ಹೆಚ್ಚುತ್ತದೆ, ಹೊಸ ಹಿಮವು ಅವುಗಳಲ್ಲಿ 80 ಭಾಗದವರೆಗೆ ಹಿಂದಿರುಗಿಸುತ್ತದೆ. ಚಳಿಯೆಂದು ನಾವು ಮಗುವಿಗೆ ಟೋಪಿ ಹಾಕಿ ಕಣ್ಣುಗಳನ್ನು ಮರೆತುಬಿಡುತ್ತೇವೆ. ಕಪ್ಪು ಕನ್ನಡಕ ಮಕ್ಕಳಿಗೆ ಅಲ್ಲಿ ಷೋಕಿಯಲ್ಲ.

ರಜೆಯ ತೊಡಕು ಬೇರೆ. ನಮ್ಮ ಶಾಲೆಗಳ ದೊಡ್ಡ ರಜೆಗಳು ದಸರೆಗೆ ಮತ್ತು ಬೇಸಗೆಗೆ. ಹಿಮಕ್ಕೆ ದಸರೆ ಬೇಗ, ಬೇಸಗೆ ತಡ. ಕಾಶ್ಮೀರದವರು ಚಿಲ್ಲಾಯ್ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿ ಡಿಸೆಂಬರ್ 21ರಿಂದ ಜನವರಿಯ ಕೊನೆಯವರೆಗೆ. ಹಿಮವೂ ಈಚೆಗೆ ಮಾತಿಗೆ ನಿಲ್ಲುತ್ತಿಲ್ಲ: 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಿದರು. ನಾವು ಫೆಬ್ರವರಿಯಲ್ಲಿ ಐದು ದಿನಗಳ ರಜೆಗೆ ಚೀಟಿ ಬರೆದಿದ್ದೇವೆ. ಪರೀಕ್ಷೆ ಹತ್ತಿರವಲ್ಲವೇ ಎಂದು ನೆರೆಯವರು ಕೇಳಿದರು. ಎರಡನೆಯ ಮಗು ಒಂದನೆಯ ತರಗತಿಯಲ್ಲಿದೆ, ರಾಜ್ಯವೇನೂ ಮುಳುಗದು.

“ಐದರಲ್ಲಿ ಬಗ್ಗದ್ದು ಐವತ್ತರಲ್ಲಿ ಬಗ್ಗೀತೇ” ಎಂಬ ಗಾದೆಯನ್ನು ನನ್ನ ಮಗ ಎತ್ತಿದ. ಹುಡುಗನೂ ಅಕ್ಕನೊಡನೆ ಪೂರ್ಣ ತರಗತಿಗೆ ಸೇರಲಿ ಎಂಬುದು ಅವನ ಇಂಗಿತ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹೆಸರನ್ನು ಹೇಳಿ ಅವನನ್ನು ಸುಮ್ಮನಾಗಿಸಿದೆ. ಹಿಮವಿಲ್ಲದ ನಾಡಿನಲ್ಲಿ ಬೆಳೆದು, ದೊಡ್ಡವರಾದ ಮೇಲೆ ಈ ವಿದ್ಯೆಗೆ ಬಂದ ಅವರು ದೂರದೋಟದ ಸ್ಕೀಯಲ್ಲಿ ಖೇಲೋ ಇಂಡಿಯಾ ಪದಕಗಳನ್ನು ಗೆದ್ದಿದ್ದಾರೆ. ಆತುರವೇನೂ ಇಲ್ಲ. ಹುಡುಗಿಗೆ ನಾಲ್ಕು ದಿನಗಳ ತರಗತಿ, ಬೆಳಿಗ್ಗೆ ಎರಡು ಗಂಟೆ. ಹುಡುಗನಿಗೆ ಆ ವೃದ್ಧ ಬೋಧಕರೊಡನೆ ದಿನಕ್ಕೊಂದು ಗಂಟೆ, ಸಮನೆಲದಲ್ಲಿ. ಅದೂ ಅವನಿಗೆ ಮನಸ್ಸಿದ್ದರೆ.

ಉಳಿದದ್ದು ಭಾಷೆ. ಬೋಧಕರಿಗೆ ಕನ್ನಡ ಬಾರದು. ಕಲಿಯುವವನಿಗೆ ಬೇಕಾದ ಮಾತುಗಳಲ್ಲಿ “ನಿಲ್ಲಿಸಿ”, “ಮೆಲ್ಲಗೆ”, “ಸಾಕು” ಎಂಬ ಮೂರು ಮುಖ್ಯವೆಂದು ಸೊಸೆ ಅವನಿಗೆ ರುಕೋ, ಧೀರೇ, ಬಸ್ ಎಂದು ಕಲಿಸುತ್ತಿದ್ದಾಳೆ. ಮೊದಲೆರಡು ಇನ್ನೂ ತಡವರಿಸುತ್ತವೆ. ಮೂರನೆಯದು ಚೆನ್ನಾಗಿ ಬಂದಿದೆ. ನಿನ್ನೆ ರಾತ್ರಿ ಹಾಗಲಕಾಯಿ ಗೊಜ್ಜು ಬಡಿಸಹೋದಾಗ ತಟ್ಟೆಗೆ ಎರಡು ಕೈಗಳನ್ನೂ ಅಡ್ಡವಿಟ್ಟು ಅವನು ಅದನ್ನೇ ಹೇಳಿದ.