ಮರಿಯಮ್ಮನಹಳ್ಳಿಯ ಸುತ್ತ ಒಂದು ಗಾಲಿಮನೆ

ಸರೋವರಗಳ ನಾಡೊಂದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ಬೆಂಗಳೂರಿನ ಆ ನಿವೃತ್ತ ದಂಪತಿಗಳ ಮನೆಯಲ್ಲಿ ಬಹುಕಾಲದಿಂದ ಇದ್ದಿತು. ನಿಜ ಹೇಳಬೇಕೆಂದರೆ ಅದು ಯಜಮಾನರ ಹಂಬಲ. ಫಿನ್ಲೆಂಡ್ ದೇಶದಲ್ಲಿ ಸಣ್ಣವು ದೊಡ್ಡವು ಸೇರಿ 1,88,000ದಷ್ಟು ಸರೋವರಗಳಿವೆಯೆಂದೂ, ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೇ ಅಳವಡಿಸಿದ ವ್ಯಾನಿನಲ್ಲಿ ಗಂಡಹೆಂಡಿರು ವಾರಗಟ್ಟಲೆ ಕಾಡಿನಿಂದ ಕಾಡಿಗೆ, ನೀರಿನಿಂದ ನೀರಿಗೆ ಸಂಚರಿಸುವರೆಂದೂ ಅವರು ಓದಿ ತಿಳಿದಿದ್ದರು. ಅವರ ಪತ್ನಿ, ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ಒಂದು ದಿನ ಕಾಫಿಯ ಲೋಟವನ್ನು ಕೈಗಿಡುತ್ತ ಹೇಳಿದರು: “ನಿಮ್ಮ ಫಿನ್ಲೆಂಡು ಇರಲಿ ರೀ. ನಮ್ಮಮ್ಮ ಹುಟ್ಟಿದ ಊರಿನ ಮೇಲೇ ಅಷ್ಟು ದೊಡ್ಡ ಸರೋವರ ನಿಂತಿದೆ. ಅದನ್ನು ನೋಡುವುದು ಯಾವಾಗ?”

ಹೀಗೆ 2025ರ ಜನವರಿಯ ಕೊನೆಯ ವಾರದಲ್ಲಿ, ಬಾಡಿಗೆಗೆ ಹಿಡಿದ ಅಂಥದೇ ಒಂದು ವ್ಯಾನು ಚಿತ್ರದುರ್ಗವನ್ನು ದಾಟಿ, ಕೂಡ್ಲಿಗಿಯ ಮಾರ್ಗವಾಗಿ ಮರಿಯಮ್ಮನಹಳ್ಳಿಯನ್ನು ಸೇರಿತು. ಗಾಲಿಯ ಮೇಲಿನ ಮನೆಯನ್ನು ನೋಡಲು ಹುಡುಗರು ನೆರೆದರು. ದೊಡ್ಡವರಿಗೆ ಅಷ್ಟೇನೂ ಬೆರಗಾಗಲಿಲ್ಲ. ಅದು ಸಹಜವೇ. ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಜಮಖಾನೆ ಬಿಡಿಸಿ, ಹಿಟ್ಟು, ಬೇಳೆ, ಪಾತ್ರೆಗಳನ್ನು ಹೇರಿಕೊಂಡು, ಕೆರೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತ ಜಾತ್ರೆಗೆ ಹೋಗಿಬಂದ ಹಿರಿಯರ ನೆನಪು ಈ ಸೀಮೆಯ ಯಾವ ಮನೆಯಲ್ಲಿ ಇಲ್ಲ?

ಮರಿಯಮ್ಮನಹಳ್ಳಿಯು ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದ ಊರು. ನಾಟಕವೆಂದರೆ ಪ್ರಾಣ ಬಿಡುವ ಜನ. ವೃತ್ತಿರಂಗಭೂಮಿಗೆ ಇಲ್ಲಿಂದ ಹೋದ ಕಲಾವಿದೆಯರು ಅನೇಕರು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು ನೆಲೆಸಿರುವುದೂ ಇಲ್ಲಿಯೇ. 2021ರಲ್ಲಿ ಅವರು ಪದ್ಮಶ್ರೀ ಪ್ರಶಸ್ತಿಯನ್ನು ಪಡೆದಾಗ ಈ ಊರಿನ ಹೆಸರನ್ನು ಇಡೀ ದೇಶವೇ ಕೇಳಿತು. ಆದರೆ ಈ ಊರಿನೊಳಗೆ ಇನ್ನೊಂದು ಊರು ಅಡಗಿದೆ. ಅದರ ಹೆಸರು ನಾರಾಯಣದೇವರಕೆರೆ. ತುಂಗಭದ್ರಾ ಅಣೆಕಟ್ಟು ಎದ್ದಾಗ ನೀರಿನಲ್ಲಿ ಮುಳುಗಿದ ಹತ್ತಾರು ಗ್ರಾಮಗಳಲ್ಲಿ ಅದೂ ಒಂದು. ಅಲ್ಲಿಯ ಜನರಲ್ಲಿ ಬಹುಮಂದಿ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬೇರೆಡೆಗೆ ಚದುರಿದವರೂ ಉಂಟು. ಶ್ರೀರಾಮನವಮಿಯಂದು ಇಲ್ಲಿ ಜೋಡಿ ರಥಗಳು ಹೊರಡುವಾಗ, ಚದುರಿದ ಮನೆತನಗಳವರು ಹಗ್ಗಕ್ಕೆ ಕೈ ಹಚ್ಚಲು ಬರುವರು.

ಪತ್ನಿಯ ತಾಯಿ ಆ ಊರನ್ನು ಬಿಟ್ಟಾಗ ಹನ್ನೆರಡು ವರ್ಷದ ಹುಡುಗಿ. ಈಗ ಎಂಬತ್ತು ದಾಟಿ, ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಹಿನ್ನೀರಿನ ದಂಡೆ ಅಷ್ಟು ಹತ್ತಿರವಿದ್ದರೂ ಆಕೆ, “ಅದನ್ನು ಕೊನೆಗೆ ನೋಡೋಣ” ಎಂದರು. ಯಜಮಾನರು ಕಾರಣ ಕೇಳಲಿಲ್ಲ. ವ್ಯಾನು ಹಗರಿಬೊಮ್ಮನಹಳ್ಳಿಯ ಕಡೆಗೆ ತಿರುಗಿತು.

ಅಂಕಸಮುದ್ರದ ಕೆರೆಯನ್ನು ಬೆಳಗಿನ ಜಾವದಲ್ಲಿ ನೋಡಬೇಕು. ನೀರಿನ ನಡುವೆ ನಿಂತ ಕರಿಜಾಲಿಯ ಮರಗಳು ದೂರಕ್ಕೆ ಹೂಬಿಟ್ಟಂತೆ ತೋರುವವು. ಸಮೀಪಿಸಿದಂತೆ ಹೂವುಗಳಿಗೆ ಕೊರಳು ಮೂಡಿ, ಕೊಕ್ಕು ಮೂಡಿ, ಗದ್ದಲವೂ ಮೂಡುವುದು. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ಚಳಿಗಾಲಕ್ಕೆ ಉತ್ತರದಿಂದ ಬಂದ ಬಾತುಗಳು, ಎಲ್ಲವೂ ಒಂದೇ ಸಂತೆಯಲ್ಲಿ. ಸುಮಾರು 99 ಹೆಕ್ಟೇರು ವಿಸ್ತಾರದ ಈ ಕೆರೆಯನ್ನು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2024ರಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳೊಡನೆ ಇದಕ್ಕೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರಕಿತು. ಪೂರ್ವಿಕರು ಇದನ್ನು ಕಟ್ಟಿದ್ದು ಹೊಲಗಳಿಗೆ ನೀರಾಗಲೆಂದು. ಹಕ್ಕಿಗಳು ಬಂದದ್ದು ಕರೆಯದೆಯೇ.

ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿಯೊಡನೆ ಮಂಡಕ್ಕಿಯ ಒಗ್ಗರಣೆ ಈ ಸೀಮೆಯ ಬೆಳಗಿನ ಉಪಾಹಾರ. ಕೆರೆಯ ಏರಿಯ ಮೇಲೆ ಅದನ್ನು ಕಾಗದದ ಪೊಟ್ಟಣದಿಂದಲೇ ತಿನ್ನುತ್ತ ಯಜಮಾನರಿಗೆ ಒಂದು ಯೋಚನೆ ಹೊಳೆಯಿತು. ಫಿನ್ಲೆಂಡಿನ ಸರೋವರಗಳನ್ನು ಯಾರೂ ಕಟ್ಟಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಹಿಮದ ಹಾಸು ಜಾರುತ್ತ ನೆಲವನ್ನು ಕೆತ್ತಿದ ತಗ್ಗುಗಳಲ್ಲಿ ನೀರು ನಿಂತಿತು, ಅಷ್ಟೇ. ಈ ಬಯಲುಸೀಮೆಯಲ್ಲಾದರೋ ಕಣ್ಣಿಗೆ ಬೀಳುವ ಕೆರೆಗಳೆಲ್ಲ ಯಾರೋ ಮಣ್ಣು ಹೊತ್ತವರ ಕೆಲಸ. “ಹೊತ್ತವರು ಒಬ್ಬರು, ಮುಳುಗಿದವರು ಇನ್ನೊಬ್ಬರು” ಎಂದು ಆಕೆ ಸೇರಿಸಿದರು.

ಮಾರನೆಯ ದಿನ ಹೊಸಪೇಟೆ. ಊರಿನ ದಕ್ಷಿಣಕ್ಕೆ ಗುಡ್ಡದ ಸಾಲುಗಳ ನಡುವಣ ಕಣಿವೆಗೆ ಅಡ್ಡವಾಗಿ ವಿಜಯನಗರದ ಅರಸರ ಕಾಲದ ಭಾರಿ ಏರಿಯೊಂದಿದೆ. 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರನ್ನು ಕಂಡುದಾಗಿ ಬರೆದಿದ್ದಾನೆ. ಏರಿ ಎರಡು ಮೂರು ಬಾರಿ ಒಡೆಯಿತೆಂದೂ, ಅದು ನಿಲ್ಲಲೆಂದು ನರಬಲಿ ನೀಡಲಾಯಿತೆಂದೂ ಆತನ ವೃತ್ತಾಂತದಲ್ಲಿದೆ. ಆ ಕೆರೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಷ್ಟು ಜನರ ಬೆವರು ಕುಡಿದ ಕಣಿವೆಯಲ್ಲಿ ಇಂದು ಸರೋವರವೆನ್ನುವಂಥ ನೀರಿಲ್ಲ. ಹಂಪಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದ ಕೆರೆಯಾದರೋ ಅದೇ ರಾಜ್ಯದ ಕಾಲದ್ದು, ಇನ್ನೂ ಕೆಲಸ ಮಾಡುತ್ತಿದೆ. ಹಂಪಿಯ ವಿಷಯ ಓದುಗರಿಗೆ ಹೊಸದಲ್ಲ; ದಂಪತಿಗಳೂ ವಿರೂಪಾಕ್ಷನಿಗೆ ಕೈ ಮುಗಿದು ಮುಂದೆ ಹೊರಟರು.

ದರೋಜಿಯ ಕರಡಿಧಾಮದಲ್ಲಿ ರಾತ್ರಿ ತಂಗುವಂತಿಲ್ಲ, ವ್ಯಾನು ನಿಲ್ಲಿಸಿ ಒಲೆ ಹೊತ್ತಿಸುವಂತೆಯೂ ಇಲ್ಲ. ಫಿನ್ಲೆಂಡಿನಲ್ಲಿ ಅನ್ಯರ ಕಾಡಿನಲ್ಲೂ ಒಂದು ರಾತ್ರಿ ಡೇರೆ ಹಾಕುವ ಹಕ್ಕು ಸಂಪ್ರದಾಯದಿಂದ ಬಂದಿದೆಯಂತೆ. ಇಲ್ಲಿ ಆ ಹಕ್ಕು ಕರಡಿಗೆ ಮಾತ್ರ, ಅದೇ ನ್ಯಾಯವೂ ಹೌದು. 1994ರಲ್ಲಿ ಬಿಳಿಕಲ್ಲು ಅರಣ್ಯವನ್ನು ಕರಡಿಗಳಿಗಾಗಿಯೇ ಮೀಸಲಿಡಲಾಯಿತು. ಮಧ್ಯಾಹ್ನದ ಹೊತ್ತಿಗೆ ಅರಣ್ಯದ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದು ಮರಳುವರು; ವೀಕ್ಷಣಾ ಗೋಪುರದಲ್ಲಿ ಕುಳಿತವರು ಉಸಿರು ಬಿಗಿಹಿಡಿದು ಕಾಯಬೇಕು. ಮೊದಲು ಬಂದದ್ದು ನವಿಲು. ಆಮೇಲೆ ಕಾಡುಹಂದಿ. ಬಿಸಿಲು ಓರೆಯಾದ ಮೇಲೆ, ಬಂಡೆಯ ನೆರಳೇ ಎದ್ದು ನಡೆದಂತೆ ತಾಯಿ ಕರಡಿಯೊಂದು ಇಳಿದು ಬಂದಿತು. ಬೆನ್ನ ಮೇಲೆ ಮರಿ. ತಾಯಿ ಬಂಡೆಯನ್ನು ನೆಕ್ಕುತ್ತಿದ್ದಷ್ಟು ಹೊತ್ತೂ ಮರಿ ಬೆನ್ನಿನಿಂದ ಇಳಿಯಲೇ ಇಲ್ಲ. ಆಕೆ ದುರ್ಬೀನನ್ನು ಪತಿಗೆ ಕೊಡಲೇ ಇಲ್ಲ.

ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿರುವ ತಾಲ್ಲೂಕು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದವರು ಇದನ್ನು ಮಲೆನಾಡೆಂದೇ ಭ್ರಮಿಸುವರು. ಕುಮಾರಸ್ವಾಮಿ, ಪಾರ್ವತಿಯರ ಪ್ರಾಚೀನ ಗುಡಿಗಳಿಗೆ ಹೋಗುವ ಏರುದಾರಿಯಲ್ಲಿ ಜನವರಿಯಲ್ಲೂ ಹಸಿರು ಸಾಕಷ್ಟು ಉಳಿದಿತ್ತು. ಆದರೆ ಒಂದು ತಿರುವಿನಲ್ಲಿ ಬೆಟ್ಟವಿದ್ದರೆ ಮುಂದಿನ ತಿರುವಿನಲ್ಲಿ ಬೆಟ್ಟದ ಗಾಯವಿರುವುದು. ಕಬ್ಬಿಣದ ಅದಿರಿಗಾಗಿ ನಡೆದ ಅಕ್ರಮ ಅಗೆತ ಎಷ್ಟಾಯಿತೆಂದರೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅನಂತರ ನಿರ್ಬಂಧಗಳೊಡನೆ ಅದು ಮತ್ತೆ ಆರಂಭವಾಗಿದೆ. ವ್ಯಾನಿನ ಬಿಳಿಯ ಬಣ್ಣ ಸಂಜೆಗೆ ಕಾವಿಯಾಗಿತ್ತು. ನಾರಿಹಳ್ಳದ ಜಲಾಶಯದ ಸಮೀಪ, ಪರಿಚಿತರೊಬ್ಬರ ತೋಟದಲ್ಲಿ ಅನುಮತಿ ಪಡೆದು ಆ ರಾತ್ರಿ ತಂಗಿದರು. ಒಲೆ ಹೊತ್ತಲಿಲ್ಲ, ತೋಟದ ಮನೆಯವರೇ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕಳಿಸಿದರು.

ನಾಲ್ಕನೆಯ ದಿನ ಮರಳುವ ದಾರಿಯಲ್ಲಿ ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರವರಿ 28ರಂದು ಮದ್ರಾಸು ಮತ್ತು ಹೈದರಾಬಾದು ಸರಕಾರಗಳು ಕೂಡಿ ಶಂಕುಸ್ಥಾಪನೆ ಮಾಡಿದವು. 1953ರಲ್ಲಿ ಕಟ್ಟಡ ಮುಗಿಯಿತು. ಸಿಮೆಂಟಿನ ಕಾಂಕ್ರೀಟಿನಿಂದಲ್ಲ, ಕಲ್ಲು ಮತ್ತು ಸುರ್ಕಿಗಾರೆಯಿಂದ ಕಟ್ಟಿದ ಅಣೆ ಇದು. ಅದರ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಣಿ ಕಡಿದು ಕೊಚ್ಚಿಹೋದಾಗ ಎರಡು ಮೂರು ರಾಜ್ಯಗಳ ರೈತರಿಗೆ ನಿದ್ರೆಯಿಲ್ಲದಾಯಿತು. ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿದ ಕೆಲಸಗಾರರ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಯಾವ ಗೇಟಿನಿಂದಲೂ ಹೊರಹೋಗದ ಹೂಳು ಒಳಗಿದೆ: ಮೊದಲು 133 ಟಿ.ಎಂ.ಸಿ. ಇದ್ದ ಸಾಮರ್ಥ್ಯವು ಈಗ 106ಕ್ಕೂ ಕಡಿಮೆ. ನಾರಾಯಣದೇವರಕೆರೆಯ ಅಂಗಳಗಳ ಮೇಲೆ ನೀರು ಮಾತ್ರವಲ್ಲ, ಮಣ್ಣೂ ಬಿದ್ದಿದೆ ಎಂದು ಇದರ ಅರ್ಥ.

ಹಿನ್ನೀರಿನ ದಂಡೆಯನ್ನು ತಲುಪಿದಾಗ ಸೂರ್ಯ ಇಳಿಯುತ್ತಿದ್ದ. ಕಣ್ಣು ಹಾಯುವವರೆಗೂ ನೀರು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಳೆಯ ಊರಿನ ಕಲ್ಲುಗಳು ಕಾಣುವುದುಂಟೆಂದು ಕೇಳಿ ಬಂದವರಿಗೆ ಒಂದು ಕಲ್ಲೂ ಕಾಣಲಿಲ್ಲ. ಹರಿಗೋಲನ್ನು ದಡಕ್ಕೆ ಎಳೆಯುತ್ತಿದ್ದ ಮೀನುಗಾರನೊಬ್ಬ ಕೈ ಚಾಚಿ ತೋರಿಸಿದ: “ಅಲ್ಲೇ ಐತ್ರಿ ಅಮ್ಮಾ, ಆ ಗುಡ್ಡದ ನೇರಕ್ಕ. ನೀರು ಇನ್ನೂ ಇಳೀಬೇಕ್ರಿ.”

ಆಕೆ ದಾವಣಗೆರೆಗೆ ಫೋನು ಹಚ್ಚಿದರು. ತೆರೆಯ ಮೇಲೆ ವೃದ್ಧೆಯ ಮುಖ ಮೂಡಿತು. ಮಗಳು ಮಾತನಾಡದೆ ಫೋನನ್ನು ನೀರಿನ ಕಡೆಗೆ ಹಿಡಿದಳು. ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಆಮೇಲೆ, “ಅಲ್ಲಲ್ಲ, ಆ ಗುಡ್ಡ ಅಲ್ಲ. ಎಡಕ್ಕ ತಿರುವು. ಇನ್ನೂ ಎಡಕ್ಕ. ನಮ್ಮ ಕಟ್ಟಿ ಮ್ಯಾಲೆ ಕುಂತ್ರ ಆ ಗುಡ್ಡದ ತುದಿ ಎದುರಿಗೇ ಕಾಣ್ತಿತ್ತು” ಎಂದು ಧ್ವನಿ ಬಂದಿತು. ಮೀನುಗಾರ ಒಪ್ಪಲಿಲ್ಲ, ಊರು ಬಲಕ್ಕೇ ಎಂದು ಅವನ ವಾದ. ಮೀನಿನ ಬಲೆ ಕಲ್ಲಿಗೆ ಸಿಕ್ಕಿಕೊಳ್ಳುವ ಜಾಗ ಅವನಿಗೆ ಗೊತ್ತಿತ್ತು. “ನೀನು ಹುಟ್ಟಿದ್ದಿಲ್ಲೋ ತಮ್ಮಾ ಆವಾಗ” ಎಂದರು ಆ ಮುದುಕಿ, ಫೋನಿನೊಳಗಿಂದಲೇ. ವಾದ ಹತ್ತು ನಿಮಿಷ ನಡೆಯಿತು. ಗುಡ್ಡಗಳು ಕಪ್ಪಾಗುವವರೆಗೆ ಆಕೆ ಕೈಯನ್ನು ಇಳಿಸಲಿಲ್ಲ.

ಯಜಮಾನರು ಮೀನುಗಾರನನ್ನು ಪಕ್ಕಕ್ಕೆ ಕರೆದು, ನೀರು ಯಾವಾಗ ಇಳಿಯುವುದೆಂದು ಕೇಳಿದರು. “ಮೇ ತಿಂಗಳ ಕೊನೀಗೆ ಬರ್ರಿ, ಮಳಿ ಬರೋದ್ರೊಳಗ” ಎಂದು ಅವನೆಂದ. ಆ ರಾತ್ರಿ ಮರಿಯಮ್ಮನಹಳ್ಳಿಯ ಹೊರವಲಯದಲ್ಲಿ ವ್ಯಾನು ನಿಂತಿದ್ದಾಗ, ಅವರು ಬಾಡಿಗೆಯ ಕಚೇರಿಗೆ ಫೋನು ಮಾಡಿ ಮೇ ತಿಂಗಳ ಕೊನೆಯ ವಾರದ ದರವನ್ನು ವಿಚಾರಿಸಿದರು. ಒಳಗೆ ಮೂವರು ಮಲಗಲು ಸಾಧ್ಯವೇ, ಎಂಬತ್ತು ದಾಟಿದವರು ಹತ್ತುವುದಕ್ಕೆ ಮೆಟ್ಟಿಲು ಎಷ್ಟು ಎತ್ತರವಿದೆ ಎಂಬುದನ್ನೂ ಕೇಳಿದರು.