ಜಾರುವ ದಾರಿ, ಹಿಂದಿನ ಭಾರ

ಕೆನಡಾದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಗನೊಬ್ಬನು ಕಳೆದ ಶ್ರಾವಣದಲ್ಲಿ ಊರಿಗೆ ಬಂದಿದ್ದನು. ಹಿಮ ಬಿದ್ದ ಹೆದ್ದಾರಿಗಳಲ್ಲಿ ಟ್ರೇಲರ್ ಲಾರಿ ನಡೆಸುವುದು ಅವನ ಕಾಯಕ. ಅವನೊಡನೆ ನಾವು ಹೊಸಪೇಟೆಯಿಂದ ಸಂಡೂರಿಗೆ ಹೊರಟ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ ಹಿಡಿದಿತ್ತು.

ಸಂಡೂರಿನ ಬೆಟ್ಟಗಳು ಮಳೆಗಾಲದಲ್ಲಿ ಹಸಿರನ್ನುಟ್ಟು ಕಣ್ಣಿಗೆ ಹಬ್ಬವಾಗುತ್ತವೆ. ರಸ್ತೆಯ ಬಣ್ಣ ಮಾತ್ರ ಕೆಂಪು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಲ್ಲಿನ ಗಣಿಗಾರಿಕೆಯನ್ನು ತಡೆದು, ಬಳಿಕ ಮಿತಿಗಳನ್ನು ವಿಧಿಸಿ ಅನುಮತಿ ನೀಡಿತು. ಆದರೂ ಅದಿರಿನ ಧೂಳು ರಸ್ತೆಯನ್ನು ಬಿಟ್ಟಿಲ್ಲ. ತೆಳು ಮಳೆ ಬಿದ್ದರೆ ಆ ಧೂಳು ಎಣ್ಣೆಯ ಜಿಡ್ಡಿನೊಡನೆ ಕಲಸಿ ನುಣ್ಣನೆಯ ಕೆಸರಾಗುತ್ತದೆ. ಜೋರು ಮಳೆ ಅದನ್ನು ತೊಳೆದೊಯ್ಯುತ್ತದೆ. ತುಂತುರು ಮಳೆಯೇ ಹೆಚ್ಚು ಅಪಾಯಕಾರಿ.

ಇಳಿಜಾರಿನಲ್ಲಿ ನಮ್ಮ ಮುಂದೆ ಇಟ್ಟಿಗೆ ತುಂಬಿದ ಟ್ರಾಕ್ಟರೊಂದು ಸಾಗಿತ್ತು. ಎಮ್ಮೆಯೊಂದು ಅಡ್ಡ ಬಂದಿತು. ಚಾಲಕ ಬ್ರೇಕು ಒತ್ತಿದನು. ಟ್ರಾಕ್ಟರು ನಿಧಾನಿಸಿತು, ಟ್ರೇಲರು ನಿಧಾನಿಸಲಿಲ್ಲ. ಅದು ಪಕ್ಕಕ್ಕೆ ಹೊರಳಿ, ಮಡಚುವ ಚಾಕುವಿನಂತೆ ಟ್ರಾಕ್ಟರನ್ನು ಒತ್ತಿ, ಚರಂಡಿಯ ಅಂಚಿನಲ್ಲಿ ನಿಂತಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ.

"ಮಾಮಾ, ಹಿಮದ ಮೇಲೆ ನಮಗೆ ಆಗುವುದೂ ಇದೇ" ಎಂದನು ನಮ್ಮ ಹುಡುಗ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕು ಹಿಡಿದ ಬಳಿಕ ಸುಮಾರು 9 ಮೀಟರಿನಲ್ಲಿ ನಿಲ್ಲಬಲ್ಲದು. ನುಣುಪಾದ ಮಂಜುಗಡ್ಡೆಯ ಮೇಲೆ ಅದಕ್ಕೆ 60 ಮೀಟರಾದರೂ ಬೇಕು. ವೇಗ ಇಮ್ಮಡಿಯಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಅಲ್ಲಿಯವರು ಗಾಲಿಗಳಿಗೆ ಸರಪಣಿ ಸುತ್ತುತ್ತಾರೆ. ನಮ್ಮ ಕೆಸರಿಗೆ ಸರಪಣಿಯಿಲ್ಲ, ನಿಧಾನವೇ ಸರಪಣಿ.

ಚಾಲಕರು ಹಿರಿಯರು. ಬೆವರೊರೆಸಿಕೊಳ್ಳುತ್ತ, "ತಪ್ಪು ನಂದ ರೀ. ಹಿಂದಿನ ಭಾರ ಮುಂದಕ್ಕ ನೂಕತೈತಿ. ಇಳಿಜಾರು ಬರೂಕಿಂತ ಮೊದಲ ಗೇರು ಇಳಿಸಬೇಕಿತ್ತು" ಎಂದರು. ನ್ಯೂಟ್ರಲ್ಲಿನಲ್ಲಿ ಇಳಿದರೆ ಎಂಜಿನ್ನಿನ ಹಿಡಿತವೇ ತಪ್ಪುತ್ತದೆ. ಇನ್ನೊಂದು ಮಾತು: ಹೊಲದಲ್ಲಿ ಹೊರಳಲು ಅನುಕೂಲವಾಗಲೆಂದು ಟ್ರಾಕ್ಟರಿನ ಎಡಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕುಗಳಿರುತ್ತವೆ. ರಸ್ತೆಗೆ ಬಂದೊಡನೆ ಎರಡೂ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಬೇಕು. ಮರೆತರೆ ಒಂದೇ ಗಾಲಿ ಹಿಡಿದು ಬಂಡಿ ತಿರುಗಿಬಿಡುತ್ತದೆ.

ಮರುದಿನ ಕಮಲಾಪುರದ ಮಾರ್ಗವಾಗಿ ಕಂಪ್ಲಿಗೆ ಹೋದೆವು. ವಿಜಯನಗರದ ಅರಸರ ಕಾಲುವೆಗಳು ಇಂದಿಗೂ ನೀರುಣಿಸುವ ನಾಡಿದು. ಬತ್ತ, ಕಬ್ಬು, ಬಾಳೆಗಳ ಸಿರಿ. ಕೆಸರುಗದ್ದೆಯಿಂದ ಮೇಲೆದ್ದ ಟ್ರಾಕ್ಟರುಗಳು ಗಾಲಿಗಳ ತುಂಬ ಮಣ್ಣು ಹೊತ್ತು ಡಾಂಬರಿನ ಮೇಲೆ ಬಳಿಯುತ್ತ ಸಾಗಿದ್ದವು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿದ ವರ್ಷಗಳುಂಟು. ನೀರಿಳಿದ ಮೇಲೂ ಅಂಥ ಸೇತುವೆಯ ಮೇಲಿನ ಹೂಳು ಜಾರುತ್ತದೆ. ಗದ್ದೆ ಬಿಡುವ ಮುನ್ನ ಗಾಲಿಯ ಮಣ್ಣು ಕೆರೆಯುವುದು ಎಷ್ಟು ಹೊತ್ತಿನ ಕೆಲಸ?

ಸಂಜೆ ಹಂಪಿಗೆ ಬಂದು ವಿರೂಪಾಕ್ಷನ ಗೋಪುರದ ಮುಂದೆ ಕುಳಿತಾಗ ಚೈತ್ರದ ತೇರು ನೆನಪಾಯಿತು. ಅಂದು ಸುತ್ತಲಿನ ಊರುಗಳಿಂದ ಟ್ರೇಲರುಗಳ ತುಂಬ ಹೆಂಗಸರು, ಮಕ್ಕಳು ಬರುತ್ತಾರೆ. ನಾವೂ ಹಾಗೆಯೇ ಹೋದವರು. ನಮ್ಮ ಮಕ್ಕಳನ್ನೂ ಹಾಗೆಯೇ ಕರೆದೊಯ್ದವರು. ಸಂಡೂರಿನ ಇಳಿಜಾರಿನಲ್ಲಿ ಹೊರಳಿದ ಆ ಟ್ರೇಲರಿನಲ್ಲಿ ಇಟ್ಟಿಗೆಗಳಿದ್ದವು. ಇಟ್ಟಿಗೆಯ ಬದಲು ದಿಬ್ಬಣವಿದ್ದಿದ್ದರೆ? ಟ್ರೇಲರು ಸರಕಿನ ಬಂಡಿ. ಜನರನ್ನು ಕೂರಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಬಸ್ಸಿಗೆ ನಾಲ್ಕು ಕಾಸು ಹೆಚ್ಚಾದರೂ ಆಗಲಿ.

ಇಂದು ಮನೆಯ ಮಗ ಟ್ರಾಕ್ಟರು ಏರುವಾಗ ತಾಯಂದಿರು ಒಂದು ಮಾತು ನೆನಪಿಸಲಿ: "ಮುಂದಿನ ದಾರಿಯನ್ನು ನೋಡುತ್ತ, ಹಿಂದಿನ ಭಾರವನ್ನು ಮರೆಯಬೇಡಪ್ಪಾ."