ಹಳೆಯ ಆಟ, ಹೊಸ ಯಂತ್ರ

ಗಣಕಯಂತ್ರದ ಆಟವೆಂದೊಡನೆ ಹುಬ್ಬುಗಂಟಿಕ್ಕುವ ಹಿರಿಯರುಂಟು. ಆದರೆ ಪಾತ್ರಧಾರಣೆಯ ಆಟವೆಂಬುದು ಒಂದು ದೀರ್ಘಕಥನ. ಆಡುವವನೇ ಅದರ ನಾಯಕ. 2002ರಲ್ಲಿ ವಿಂಡೋಸಿಗೆ ಹೊರಬಂದ 'ಮಾರೊವಿಂಡ್' ಅಂತಹುದು. ಸಿದ್ದಾಪುರದ ಕಾಫಿತೋಟದ ಮನೆಯೊಂದರ ತರುಣನಿಗೆ ಅದು ಅಗಲಿದ ಅಣ್ಣನ ಆಸ್ತಿ. ಅಣ್ಣ ಅರ್ಧದಲ್ಲಿ ನಿಲ್ಲಿಸಿದ್ದ ಪಯಣದ ದಾಖಲೆ ಹಳೆಯ ಗಣಕದಿಂದ ಉಳಿದು ಬಂದಿತ್ತು. ಈಗ ಮನೆಯಲ್ಲಿದ್ದುದು ಲಿನಕ್ಸ್.

'ಡಾಸ್‌ಬಾಕ್ಸ್' ಡಾಸ್ ಕಾಲದ ಆಟಗಳಿಗೆ ಮಾತ್ರ ಒದಗುವಂತಹುದು. 'ಓಪನ್‌ಎಂಡಬ್ಲ್ಯೂ' ಎಂಬುದು ಉತ್ಸಾಹಿಗಳು ಮೊದಲಿನಿಂದ ಬರೆದ ಹೊಸ ಚಾಲಕ. ಮೂಲದ ಕಡತಗಳಿದ್ದರೆ ಸೊಗಸಾಗಿ ನಡೆಯುತ್ತದೆ. ಆದರೆ ಹಳೆಯ ದಾಖಲೆಯನ್ನು ತನ್ನ ರೂಪಕ್ಕೆ ತಿರುಗಿಸಿಕೊಳ್ಳುವಾಗ ಕೆಲವಂಶ ಲುಪ್ತವಾಗುವ ಭಯವುಂಟು. ಅಣ್ಣನ ಪಯಣದಲ್ಲಿ ಲೋಪಸಂಧಿಯನ್ನು ತಮ್ಮ ಸಹಿಸಿಯಾನೆ?

ಉಳಿದುದು 1993ರಲ್ಲಿ ಆರಂಭಗೊಂಡ 'ವೈನ್'. (ಹೆಸರು ಕೇಳಿ ಪಾನದ್ರವ್ಯವೆಂದು ಶಂಕಿಸಬೇಕಾಗಿಲ್ಲ.) ಆಟವು ವಿಂಡೋಸಿನ ನುಡಿಯಲ್ಲಿ ಕೇಳಿದುದನ್ನು ಲಿನಕ್ಸಿಗೆ ಆಗಿಂದಾಗ್ಗೆ ತಿಳಿಸುವ ದುಭಾಷಿ ಅದು. ಕಡತನಾಮಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ನಮ್ಮ ಅಲ್ಪಪ್ರಾಣ, ಮಹಾಪ್ರಾಣಗಳಂತೆ ಬೇರೆಬೇರೆಯಾಗಿ ಎಣಿಸುತ್ತದೆ. ವಿಂಡೋಸಿಗೆ ಆ ಭೇದವಿಲ್ಲ. ಈ ತೊಡಕನ್ನೂ ವೈನ್ ಪರಿಹರಿಸುತ್ತದೆ. ಆಟ 32 ಬಿಟ್ಟಿನದು, ಗಣಕ 64 ಬಿಟ್ಟಿನದು. ಅದಕ್ಕೆ ತಕ್ಕ ಕಡತಗಳನ್ನು ಬೇರೆಯಾಗಿ ತರಿಸಬೇಕಾಯಿತು. ಮಳೆಗಾಲದ ಸಿದ್ದಾಪುರದಲ್ಲಿ ವಿದ್ಯುತ್ತೂ ಅಂತರ್ಜಾಲವೂ ಒಟ್ಟಿಗೆ ಒದಗುವ ಮುಹೂರ್ತಕ್ಕಾಗಿ ನಾಲ್ಕು ದಿನ ಕಾಯಬೇಕಾದುದು ಬೇರೆ ಮಾತು.

ಐದನೆಯ ರಾತ್ರಿ ತೆರೆ ಬೆಳಗಿತು. ನಾಯಕನಿಗೆ ಅಣ್ಣನದೇ ಹೆಸರು. ತರುಣ ಬಹಳ ಹೊತ್ತು ಯಾವ ಕೀಲಿಯನ್ನೂ ಮುಟ್ಟಲಿಲ್ಲ. ಬಳಿಕ ಆ ದಾಖಲೆಯ ಪ್ರತಿಯೊಂದನ್ನು ಬೇರೆಡೆ ತೆಗೆದಿರಿಸಿ, ನಾಯಕನನ್ನು ಒಂದು ಹೆಜ್ಜೆ ಮುಂದೆ ನಡೆಸಿದ.